ಶಾಲೆಯೆದುರಿನ ಟವರ್: ಅರ್ಜಿ ಕೊಟ್ಟಲ್ಲಿಂದ ಅಳತೆ ಮಾಡಿಸುವವರೆಗೆ

ನಮ್ಮೂರಿನ ಮೊಬೈಲ್ ಟವರ್ ಕಳೆದ ತಿಂಗಳಿಂದ ಕೆಲಸ ಮಾಡುತ್ತಿದೆ. ಬೇಕು ಎಂದವರೂ ಬೇಡ ಎಂದವರೂ ಈಗ ಅದರದೇ ಸಿಗ್ನಲ್ಲಿನಲ್ಲಿ ಮಾತಾಡುತ್ತಿದ್ದೇವೆ. ಅದು ತಲೆ ಎತ್ತುವ ಮೊದಲು ಒಂದು ವರ್ಷ ಊರು ಎರಡು ಪಾಲಾಗಿತ್ತು. ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷೆ ಎಂಬ ಕಾರಣಕ್ಕೆ ಎರಡೂ ಪಾಲಿನವರ ಕಾಗದ ಹೊತ್ತು ತಿರುಗಿದ್ದು ಬಹುಮಟ್ಟಿಗೆ ನಾನೇ. ಹುಲೇಕಲ್ ಕಡೆಯಿಂದ, ಸಿದ್ದಾಪುರದಿಂದ ಪರಿಚಯದವರು ಫೋನ್ ಮಾಡಿ "ನಿಮ್ಮಲ್ಲಿ ಎಂತ ಮಾಡಿದ್ರಿ?" ಎಂದು ಕೇಳುತ್ತಲೇ ಇದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಬರೆದೇ ಬಿಡೋಣ ಎನಿಸಿತು. ಊರಿನ ಹೆಸರು ಬೇಡ; ಶಿರಸಿ ತಾಲೂಕಿನದು ಅಂದರೆ ಸಾಕು.

ಟವರ್ ಬೇಕೆನ್ನುವವರ ಕಷ್ಟ ಸುಳ್ಳಲ್ಲ. ಇದ್ದ ಹಳೇ ಟವರ್ ದೂರದಲ್ಲಿತ್ತು, ಮಳೆಗಾಲದಲ್ಲಿ ಕರೆಂಟ್ ಹೋದರೆ ಅದೂ ಮಲಗುತ್ತಿತ್ತು. 2020ರಲ್ಲಿ ನಮ್ಮ ಮಕ್ಕಳು ಆನ್‌ಲೈನ್ ಕ್ಲಾಸಿಗೆ ಬೆಟ್ಟದ ಮೇಲೆ ತಾಡಪಾಲು ಕಟ್ಟಿಕೊಂಡು ಕೂತವರು. ರಾತ್ರಿ ಯಾರಿಗಾದರೂ ಎದೆನೋವು ಬಂದರೆ 108ಕ್ಕೆ ಫೋನ್ ಮಾಡಲು ಇನ್ನೊಬ್ಬರು ಬೈಕ್ ಹತ್ತಿ ದರೆಯ ತನಕ ಹೋಗಬೇಕಿತ್ತು. ಬೆಂಗಳೂರಿನಿಂದ ಬಂದ ಹುಡುಗರು ಎರಡು ದಿನ ಇದ್ದು ಹೊರಡುವುದಕ್ಕೆ ಸಿಗ್ನಲ್ಲೇ ನೆಪ.

ಹೀಗಿರುವಾಗ ಒಂದು ದಿನ ಶಾಲೆಯ ಕೆಳಗಿನ ಮಾಲ್ಕಿ (ಖಾಸಗಿ) ಜಾಗದಲ್ಲಿ ಇಬ್ಬರು ಬಂದು ಸುಣ್ಣ ಎಳೆದು, ನಾಲ್ಕು ಗೂಟ ಹೊಡೆದು ಹೋದರು. ಸಂಜೆಯೊಳಗೆ ವಾಟ್ಸ್ಯಾಪಿನಲ್ಲಿ ಕ್ಯಾನ್ಸರ್, ಗುಬ್ಬಚ್ಚಿ, ಗರ್ಭಪಾತ ಎಲ್ಲ ಬಂದವು. ಗ್ವಾಲಿಯರ್‌ನಲ್ಲಿ ಕ್ಯಾನ್ಸರ್ ಬಂದವರೊಬ್ಬರ ದೂರಿನ ಮೇಲೆ 2017ರಲ್ಲಿ ಸುಪ್ರೀಂ ಕೋರ್ಟ್ ಒಂದು ಟವರ್ ಬಂದ್ ಮಾಡಿಸಿದ ಸುದ್ದಿಯೂ ಬಂತು. ಅದು ಮಾತ್ರ ನಿಜವಾದದ್ದು. ಆದರೆ ಕೋರ್ಟು ಒಂದು ಟವರ್ ನಿಲ್ಲಿಸಿದ್ದಕ್ಕೂ ಟವರಿನಿಂದಲೇ ರೋಗ ಬಂತು ಎಂಬುದಕ್ಕೂ ನಡುವೆ ದೊಡ್ಡ ಅಂತರ ಇದೆ ಎಂದು ಆಮೇಲೆ ತಿಳಿಯಿತು.

ಪಾಲಕರ ಸಹಿ ಹಾಕಿಸಿ ಪಂಚಾಯ್ತಿಗೆ ತಕರಾರು ಅರ್ಜಿ ಕೊಟ್ಟೆವು. ಇಲ್ಲೊಂದು ಮಾತು: ಅರ್ಜಿ ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸೀಲು, ತಾರೀಖು, ಆವಕ (ಇನ್‌ವರ್ಡ್) ನಂಬರ್ ಹಾಕಿಸಿಕೊಳ್ಳದೇ ಕಚೇರಿಯ ಮೆಟ್ಟಿಲಿಳಿಯಬೇಡಿ. "ಆಮೇಲೆ ಬನ್ನಿ, ಸೀಲಿನವ್ರು ಊಟಕ್ಕೆ ಹೋಗಿದ್ದಾರೆ" ಅಂದರೆ ಅಲ್ಲೇ ಬೆಂಚಿನ ಮೇಲೆ ಕೂತಿರಿ. ನಾನು ಹಾಗೆ ಕೂತೇ ತಗೊಂಡಿದ್ದು. ಮುಂದೆ ಎಲ್ಲ ಕಡೆ ಮೊದಲು ಕೇಳಿದ್ದು ಆ ನಂಬರನ್ನೇ.

ಪಂಚಾಯ್ತಿ ಅನುಮತಿ ಕೊಡದಿದ್ದರೆ ಟವರ್ ಕೆಲಸ ನಿಂತಿತು ಎಂದು ಊರೆಲ್ಲ ನಂಬಿಕೊಂಡಿತ್ತು. ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಫೈಲ್ ಬಿಚ್ಚಿ ಕಂಪನಿಯ ಪತ್ರ ತೋರಿಸಿದರು. "ಮೇಡಂ, ಇದು ಅನುಮತಿ ಕೇಳಿದ್ದಲ್ಲ, ತಿಳಿಸಿದ್ದು." 2022ರಲ್ಲಿ ಕೇಂದ್ರ ಸರ್ಕಾರ ರೈಟ್ ಆಫ್ ವೇ (ಟವರ್, ಕೇಬಲ್ ಹಾಕಲು ಜಾಗ ಬಳಸುವ ಹಕ್ಕಿನ) ನಿಯಮಗಳಿಗೆ ತಿದ್ದುಪಡಿ ತಂದು, ಖಾಸಗಿ ಜಾಗದಲ್ಲಿ ಟವರ್ ಹಾಕುವುದಕ್ಕೆ ಸ್ಥಳೀಯ ಸಂಸ್ಥೆಯ ಅನುಮತಿ ಬೇಡ, ಇಂಜಿನಿಯರ್ ಪ್ರಮಾಣಪತ್ರದ ಜೊತೆ ಲಿಖಿತವಾಗಿ ತಿಳಿಸಿದರೆ ಸಾಕು ಎಂದು ಮಾಡಿತ್ತಂತೆ. ಶಾಲೆ ಹತ್ತಿರ ಎಂಬ ಕಾರಣವೂ ನಿಲ್ಲುವಂಥದ್ದಲ್ಲ: ಶಾಲೆ, ಆಸ್ಪತ್ರೆಗಳ ಬಳಿ ಎಂದು ಟವರಿಗೆ ತಡೆ ಒಡ್ಡುವುದು ಸಮರ್ಥನೀಯವಲ್ಲ ಎಂದು ದೂರಸಂಪರ್ಕ ಇಲಾಖೆ 2013ರಲ್ಲೇ ರಾಜ್ಯಗಳಿಗೆ ಸಲಹೆ ಕೊಟ್ಟಾಗಿದೆ. ಆ ದಿನ ಮನೆಗೆ ಬಂದವಳಿಗೆ ಊಟ ಸೇರಲಿಲ್ಲ. ನಮ್ಮ ಸಹಿಗಳಿಗೆಲ್ಲ ಎಂತ ಬೆಲೆ ಹಾಗಾದರೆ?

ಕಂಪನಿಯ ಪತ್ರದ ನಕಲು ಬಾಯಿಮಾತಿಗೆ ಸಿಗಲಿಲ್ಲ. ಮಾಹಿತಿ ಹಕ್ಕಿನಲ್ಲಿ ಹಾಕಿದೆ. 10 ರೂಪಾಯಿಯ ಪೋಸ್ಟಲ್ ಆರ್ಡರ್, ಪುಟಕ್ಕೆ 2 ರೂಪಾಯಿಯಂತೆ ನಕಲಿನ ಖರ್ಚು. ಉತ್ತರ ಕೊಡಲು ಅವರಿಗೆ 30 ದಿನ ಇದೆ, ನಮ್ಮವರು ಅದನ್ನು ಪೂರ್ತಿ ಬಳಸಿಕೊಂಡರು. ಅರ್ಜಿಯಲ್ಲಿ "ಟವರ್ ಬಗ್ಗೆ ಎಲ್ಲ ಮಾಹಿತಿ" ಎಂದು ಬರೆಯಬೇಡಿ. ತಿಳಿವಳಿಕೆ ಪತ್ರ, ಜಾಗದ ನಕ್ಷೆ, ಇಂಜಿನಿಯರ್ ಪ್ರಮಾಣಪತ್ರ, ಟವರಿನ ಎತ್ತರ, ಜನರೇಟರ್ ವಿವರ ಎಂದು ಒಂದೊಂದೇ ಹೆಸರು ಹಿಡಿದು ಕೇಳಿ.

ಕಾಯುವ ಆ ತಿಂಗಳು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಶಿರಸಿಯಲ್ಲಿ ನಿವೃತ್ತ ಫಿಸಿಕ್ಸ್ ಉಪನ್ಯಾಸಕರೊಬ್ಬರು ಗಂಡನ ಕಡೆಯಿಂದ ದೂರದ ಸಂಬಂಧ. ಅವರ ಮನೆ ಜಗುಲಿಯಲ್ಲಿ ಕೂತು ನಾನು ಕೇಳಿದ್ದು ಒಂದೇ ಪ್ರಶ್ನೆ: "ಮಾವ, ಇದು ಸುರಕ್ಷಿತವೋ ಅಲ್ಲವೋ?" ಅವರು ಹೌದು ಅಂತಲೂ ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಈ ಅಲೆಗಳಿಂದ ಖಚಿತವಾಗಿ ಗೊತ್ತಿರುವ ಪರಿಣಾಮ ಮೈ ಬಿಸಿಯಾಗುವುದು. ಹಾಗೆ ಬಿಸಿಯಾಗಲು ಎಷ್ಟು ಶಕ್ತಿ ಬೇಕೋ ಅದರ ಐವತ್ತನೇ ಒಂದು ಪಾಲಿಗೆ ಐಸಿಎನ್‌ಐಆರ್‌ಪಿ ಎಂಬ ಅಂತಾರಾಷ್ಟ್ರೀಯ ಸಂಸ್ಥೆ ಜನಸಾಮಾನ್ಯರ ಮಿತಿ ಇಟ್ಟಿದೆ. ಭಾರತ 2008ರಲ್ಲಿ ಅದನ್ನೇ ಒಪ್ಪಿ, 2012ರ ಸೆಪ್ಟೆಂಬರ್‌ನಿಂದ ಟವರುಗಳಿಗೆ ಅದರ ಹತ್ತನೇ ಒಂದಕ್ಕೆ ಇಳಿಸಿತು. ಆ ಲೆಕ್ಕದಲ್ಲಿ 900 ಮೆಗಾಹರ್ಟ್ಸ್‌ಗೆ ಚದರ ಮೀಟರಿಗೆ 0.45 ವ್ಯಾಟ್. ಇನ್ನು ಕ್ಯಾನ್ಸರ್ ವಿಷಯ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ಈ ಅಲೆಗಳನ್ನು 2ಬಿ ಗುಂಪಿಗೆ ಸೇರಿಸಿತು, ಅಂದರೆ "ಇರಬಹುದೇನೋ, ಪುರಾವೆ ಸಾಲದು" ಎನ್ನುವ ಗುಂಪು. ಅದೇ ಗುಂಪಿನಲ್ಲಿ ಏಷ್ಯಾದ ಸಾಂಪ್ರದಾಯಿಕ ತರಕಾರಿ ಉಪ್ಪಿನಕಾಯಿಯೂ ಇದೆ. (ಅಪ್ಪೆಮಿಡಿ ಅದರಲ್ಲಿ ಬರುವುದಿಲ್ಲ, ಶಿರಸಿಯವರು ಗಾಬರಿ ಬೀಳಬೇಕಿಲ್ಲ.)

ಅವರು ಹೇಳಿದ ಇನ್ನೊಂದು ವಿಷಯ ನನಗೆ ಹೊಸತು. ಸಿಗ್ನಲ್ ದುರ್ಬಲ ಇದ್ದಷ್ಟೂ ಕೈಲಿರುವ ಫೋನ್ ಜೋರಾಗಿ ಕೂಗಿಕೊಳ್ಳುತ್ತದೆ. ಅಂದರೆ ಟವರಿಗೆ ಹೆದರಿ ದೂರ ಇರುವ ಊರಿನವರ ಕಿವಿಗೇ ಫೋನಿನ ಅಲೆ ಹೆಚ್ಚು ಬೀಳುವುದು. ಟವರಿನ ಬುಡದಲ್ಲಿ ಅಲೆ ಕಮ್ಮಿ. ಆ್ಯಂಟೆನಾ ಸಮುದ್ರದ ದೀಪಸ್ತಂಭದ ಬೆಳಕಿನಂತೆ ಅಡ್ಡಕ್ಕೆ, ಸ್ವಲ್ಪ ಕೆಳಮುಖವಾಗಿ ಬಿಡುತ್ತದೆ. ಆಗ ಅವರೇ ಕೇಳಿದರು, "ನಿಮ್ಮ ಶಾಲೆ ಟವರಿಗಿಂತ ಎಷ್ಟು ಎತ್ತರದಲ್ಲಿದ್ದು?"

ಈ ಪ್ರಶ್ನೆ ಅಷ್ಟರವರೆಗೆ ಯಾರ ತಲೆಗೂ ಬಂದಿರಲಿಲ್ಲ. ಘಟ್ಟದ ಮೇಲಿನ ಊರಲ್ಲವೇ, ಗೂಟ ಹೊಡೆದದ್ದು ತಗ್ಗಿನಲ್ಲಿ, ಶಾಲೆ ಇರುವುದು ದಿಬ್ಬದಲ್ಲಿ. ಮಾಹಿತಿ ಹಕ್ಕಿನಲ್ಲಿ ಬಂದ ಕಾಗದದ ಪ್ರಕಾರ ಟವರ್ 40 ಮೀಟರ್. ಗಾರೆ ಕೆಲಸದ ಹುಡುಗನೊಬ್ಬ ಲೆವೆಲ್ ಪೈಪ್ ತಂದ. ಶಾಲೆಯ ಜಗುಲಿಯಿಂದ ಶುರುಮಾಡಿ, ಪೈಪಿನ ಒಂದು ತುದಿ ನಾನು ಹಿಡಿದು, ಇನ್ನೊಂದು ತುದಿ ಅವನು ಹಿಡಿದು, ನೀರು ನಿಂತಲ್ಲಿ ಕೋಲಿಗೆ ಗುರುತು ಹಾಕುತ್ತ, ಹಂತ ಹಂತವಾಗಿ ದರಕಿನ (ಒಣ ಎಲೆಯ) ಮೇಲೆ ಜಾರುತ್ತ ಗೂಟದ ತನಕ ಇಳಿದೆವು. ಪ್ರತಿ ಹಂತದ ಇಳಿತ ಏಳನೇ ಕ್ಲಾಸಿನ ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು, ಕೂಡಿದ್ದೂ ಅವರೇ. ಲೆಕ್ಕ 35 ಮೀಟರಿನ ಆಸುಪಾಸು ಬಂತು. ಅಂದರೆ ಆ್ಯಂಟೆನಾ ಹೆಚ್ಚುಕಮ್ಮಿ ಚಿಕ್ಕ ಮಕ್ಕಳ ನಲಿಕಲಿ ಕೋಣೆಯ ಕಿಟಕಿಗೆ ನೇರ.

ಅಲ್ಲಿಂದ ನಮ್ಮ ಬೇಡಿಕೆಯೇ ಬದಲಾಯಿತು. "ಟವರ್ ಬೇಡ" ಎಂಬುದನ್ನು ಬಿಟ್ಟು "ಅದೇ ಮಾಲ್ಕಿ ಜಾಗದ ಮೇಲ್ತುದಿಗೆ ಹಾಕಿ, ಶಾಲೆ ಆ್ಯಂಟೆನಾಕ್ಕಿಂತ ಕೆಳಗೆ ಬರಲಿ" ಎಂದು ಬರೆದೆವು. ಬೇಡ ಎನ್ನುತ್ತಿದ್ದವರಲ್ಲಿ ಕೆಲವರು ನನ್ನ ಮೇಲೆ ಸಿಟ್ಟಾದರು, ಕಂಪನಿ ಕಡೆ ಸೇರಿದೆ ಎಂದರು. ಬೇಕು ಎನ್ನುವವರು ಮೊದಲಿಂದಲೂ ಸಿಟ್ಟಿನಲ್ಲೇ ಇದ್ದರು. ಮೇಲೆ ಎಲ್ಲಾದರೂ ಬೆಟ್ಟದಲ್ಲಿ ಹಾಕಲಿ ಎಂಬ ಮಾತೂ ಬಂತು. ಆದರೆ ಸೊಪ್ಪಿನ ಬೆಟ್ಟ ನಮಗೆ ಸೊಪ್ಪು, ದರಕಿಗೆ ಕೊಟ್ಟದ್ದು, ಜಾಗ ಅರಣ್ಯದ್ದು. ಅಲ್ಲಿ ಟವರ್ ಅಂದರೆ ಅದಕ್ಕೆ ಬೇರೆಯೇ ಫೈಲು.

ನಡುವೆ ಒಂದು ಎಚ್ಚರಿಕೆ. ಗೂಟ ಹೊಡೆದ ಸುದ್ದಿ ಹಬ್ಬಿದ ಮೇಲೆ ಪಕ್ಕದ ಕೇರಿಯವರೊಬ್ಬರಿಗೆ ಫೋನ್ ಬಂತು: ನಿಮ್ಮ ಜಾಗದಲ್ಲಿ ಟವರ್ ಹಾಕುತ್ತೇವೆ, ತಿಂಗಳಿಗೆ ದೊಡ್ಡ ಬಾಡಿಗೆ, ಮುಂಗಡ ತೆರಿಗೆ ಇಷ್ಟು ಕಟ್ಟಿ ಎಂದು. ಇದು ಶುದ್ಧ ಮೋಸ. ಟವರಿಗೆ ಜಾಗ ಕೊಡುವವರಿಂದ ಸರ್ಕಾರವಾಗಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಆಗಲಿ ಯಾವ ಶುಲ್ಕವನ್ನೂ ತಗೊಳ್ಳುವುದಿಲ್ಲ. ಅವರು ಹಣ ಕಟ್ಟುವ ಮೊದಲು ನನ್ನನ್ನು ಕೇಳಿದ್ದು ಪುಣ್ಯ.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಆಗಬೇಕು. ನಮ್ಮಲ್ಲಿ ಅಡಿಕೆ ಕೊಯ್ಲಿನ ಹೊತ್ತಿಗೇ ಬಂತು. ಕೊನೆಗೌಡ (ಮರ ಹತ್ತಿ ಅಡಿಕೆ ಕೊನೆ ಕೊಯ್ಯುವವ) ಸಿಕ್ಕಿದ ದಿನ ಮರ ಬಿಟ್ಟು ಸಭೆಗೆ ಯಾರು ಬರುತ್ತಾರೆ? ಮನೆ ಮನೆಗೆ ಹೋಗಿ ಕರೆಯಬೇಕಾಯಿತು. ವಿಷಯ ಅಜೆಂಡಾದಲ್ಲಿ ಸೇರಬೇಕಾದರೆ ಮೊದಲೇ ಬರೆದು ಕೊಟ್ಟಿರಬೇಕು, ಇಲ್ಲವಾದರೆ "ಇತರೆ ವಿಷಯಗಳು" ಎಂಬಲ್ಲಿಗೆ ಹೋಗುತ್ತದೆ, ಅಷ್ಟರಲ್ಲಿ ಚಾ ಬಂದಿರುತ್ತದೆ. ನಮ್ಮದು ಅಜೆಂಡಾದಲ್ಲಿ ಇದ್ದರೂ ಕೊನೆಗೆ ಇತ್ತು. ಮನೆ ಹಂಚಿಕೆ, ಉದ್ಯೋಗ ಖಾತ್ರಿ, ಬೀದಿದೀಪ, ಕಾಲುಸಂಕ ಎಲ್ಲ ಮುಗಿಯುವಾಗ ಅರ್ಧ ಜನ ಎದ್ದಿದ್ದರು.

ಕಂಪನಿಯ ಇಂಜಿನಿಯರ್ ಒಳ್ಳೆಯ ಹುಡುಗ. ಆದರೆ ಯಾವ ಪ್ರಶ್ನೆಗೂ ಅವನ ಉತ್ತರ ಒಂದೇ: "ಎಲ್ಲ ಸರ್ಕಾರದ ಮಿತಿಯೊಳಗೇ ಇರುತ್ತದೆ." ಮಿತಿಯೊಳಗಿದೆ ಎಂದು ನೋಡುವವರು ಯಾರು ಎಂದು ಕೇಳಿದೆ. ಕಂಪನಿಯೇ ಸ್ವಯಂ ಪ್ರಮಾಣಪತ್ರ ಕೊಡುತ್ತದೆ, ಅವುಗಳಲ್ಲಿ ಶೇ. 10ರವರೆಗೆ ದೂರಸಂಪರ್ಕ ಇಲಾಖೆಯವರು ಆರಿಸಿ ಪರೀಕ್ಷೆ ಮಾಡುತ್ತಾರೆ ಎಂದ. ಉಳಿದವುಗಳ ಗತಿ ಕಂಪನಿಯ ಸಹಿಯ ಮೇಲೆ. ಇದನ್ನು ಕೇಳಿದ ಮೇಲೆ ಹಿಂದಿನ ಸಾಲಿನಲ್ಲಿ ಕೂತಿದ್ದ ಗೌಡರ ಹೆಂಗಸೊಬ್ಬಳು ಎದ್ದು, "ಅದೆಲ್ಲ ನಮಗೆ ಗೊತ್ತಾಗೂದಿಲ್ಲ, ಕರೆಂಟ್ ಹೋದಾಗ ಅದ್ರ ಮಿಷನ್ ರಾತ್ರಿ ಎಷ್ಟ್ ಗಲಾಟೆ ಮಾಡ್ತದೆ ಹೇಳಿ" ಎಂದಳು. ಸಭೆ ನಕ್ಕಿತು. ಸಭೆ ನೋಡಿಕೊಳ್ಳಲು ಬಂದಿದ್ದ ನೋಡಲ್ ಅಧಿಕಾರಿಯೂ ನಕ್ಕರು. ನಡಾವಳಿಯಲ್ಲಿ ಆ ಮಾತು ಬರಲೇ ಇಲ್ಲ.

ಮನೆಯಲ್ಲಿ ನನ್ನ ಮಾವನಿಗೆ ಈ ಸಭೆಯ ವರದಿ ಒಪ್ಪಿಸಿದಾಗ ಅವರು ಬೇಡ್ತಿಯ ಕಥೆ ತೆಗೆದರು. 1981ರಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯ ಬಗ್ಗೆ ಶಿರಸಿಯಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ ಮುಂದೆ ನಿಂತು ವಿಚಾರಸಂಕಿರಣ ನಡೆಸಿತ್ತು. ವಿಜ್ಞಾನಿಗಳನ್ನು ಕರೆಸಿ, ಮುಳುಗುವ ತೋಟ, ಕಾಡು, ಸಿಗುವ ವಿದ್ಯುತ್ತು ಎಲ್ಲದರ ಲಾಭ ನಷ್ಟ ಲೆಕ್ಕ ಹಾಕಿಸಿದ್ದು ಅಡಿಕೆ ಬೆಳೆಗಾರರು. ಯೋಜನೆ ಆಗ ಮೂಲೆಗೆ ಬಿತ್ತು. ಮಾವ ಹೇಳುವ ಪ್ರಕಾರ ಅಲ್ಲಿ ಗೆದ್ದದ್ದು ಘೋಷಣೆಯಿಂದಲ್ಲ, ಸರ್ಕಾರದ ಲೆಕ್ಕಕ್ಕೆ ಎದುರು ಲೆಕ್ಕ ಇಟ್ಟದ್ದರಿಂದ. ನಮ್ಮ ಲೆವೆಲ್ ಪೈಪಿನ ಲೆಕ್ಕವನ್ನು ನೋಡಿ ಅವರಿಗೆ ಬಹಳ ಖುಷಿಯಾಗಿತ್ತು.

ನನಗೆ ಇನ್ನೊಂದು ಉದಾಹರಣೆ ತಲೆಯಲ್ಲಿ ಓಡುತ್ತಿತ್ತು, ಬಿಟಿ ಬದನೆಯದ್ದು, ಅಂದರೆ ಹುಳ ತಡೆಯಲು ವಂಶವಾಹಿ ಬದಲಿಸಿದ ಬದನೆಯದ್ದು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ನಮ್ಮ ಪಕ್ಕದ ಜಿಲ್ಲೆಯ ಬದನೆ ತಳಿ ಮಟ್ಟುಗುಳ್ಳದ ಮೇಲೂ ಆ ತಂತ್ರಜ್ಞಾನದ ಕೆಲಸ ನಡೆದಿತ್ತು. ತಜ್ಞರ ಸಮಿತಿ 2009ರ ಅಕ್ಟೋಬರಿನಲ್ಲಿ ಹಸಿರು ನಿಶಾನೆ ಕೊಟ್ಟ ಮೇಲೂ ಆಗಿನ ಪರಿಸರ ಸಚಿವ ಜೈರಾಂ ರಮೇಶ್ ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ಜನರ ಮಾತು ಕೇಳಿ, 2010ರ ಫೆಬ್ರುವರಿ 9ರಂದು ತಡೆ ಹಾಕಿದರು. ಅಲ್ಲಿ ಖಚಿತ ಗೊತ್ತಿಲ್ಲ ಎಂದು ನಿಲ್ಲಿಸಿದರು. ಟವರಿನ ವಿಷಯದಲ್ಲಿ ಅದೇ ಖಚಿತ ಗೊತ್ತಿಲ್ಲ ಎಂಬುದಕ್ಕೆ ಮಿತಿಯನ್ನು ಹತ್ತು ಪಟ್ಟು ಬಿಗಿ ಮಾಡಿ ಮುಂದುವರಿದರು. ಎರಡೂ ತಪ್ಪಲ್ಲ ಅನಿಸುತ್ತದೆ ನನಗೆ. ಬೀಜ ಹೊಲಕ್ಕೆ ಬಿದ್ದ ಮೇಲೆ ಪರಾಗ ಹಾರದಂತೆ ತಡೆಯುವುದು ಕಷ್ಟ. ಟವರಿನ ಸ್ವಿಚ್ಚು ಆರಿಸಬಹುದು. ಆರಿಸಬಹುದಾದದ್ದಕ್ಕೆ ಬೇಡವೇ ಬೇಡ ಎಂದು ಹಟ ಹಿಡಿಯುವುದಕ್ಕಿಂತ, ಆರಿಸುವ ಅಧಿಕಾರ ಯಾರ ಕೈಲಿದೆ, ಯಾವ ಅಳತೆ ನೋಡಿ ಆರಿಸುತ್ತಾರೆ ಎಂದು ಮೊದಲೇ ಬರೆಸಿಕೊಳ್ಳಬೇಕು. ಗ್ರಾಮಸಭೆಯಲ್ಲಿ ಇದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಗ್ರಾಮಸಭೆಯ ಠರಾವಿನ ನಕಲು ಹಿಡಿದು ಕಾರವಾರಕ್ಕೆ ಹೋದೆವು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ದೂರಸಂಪರ್ಕ ಸಮಿತಿ ಎಂದು ಒಂದಿರುತ್ತದೆ, ಟವರ್ ತಂಟೆಗಳು ಅಲ್ಲಿಗೆ ಹೋಗುತ್ತವೆ. ದೇವಿಮನೆ ಘಟ್ಟ ಇಳಿದು, ಕುಮಟಾದಲ್ಲಿ ಬಸ್ಸು ಬದಲಿಸಿ, ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಬೆಳಗಿನ ಬಸ್ಸಿಗೆ ಹೊರಟರೂ ಮನೆ ಸೇರುವಾಗ ರಾತ್ರಿ. ಊಟ, ಬಸ್ಸು, ಜೆರಾಕ್ಸ್ ಖರ್ಚು ಎಸ್‌ಡಿಎಂಸಿಯಿಂದ ಬರುವುದಿಲ್ಲ, ಕೈಯಿಂದಲೇ. ಆದರೆ ಅಲ್ಲಿನವರು ಕೂರಿಸಿ ಕೇಳಿದರು. ಮಕ್ಕಳ ನೋಟ್‌ಬುಕ್ಕಿನ ಪುಟ ನೋಡಿ ಮೇಜಿನಾಚೆಯವರು ಕಂಪನಿಯವರಿಗೆ ಅಲ್ಲಿಂದಲೇ ಫೋನ್ ಮಾಡಿ, "ಸೈಟ್ ಮತ್ತೊಮ್ಮೆ ಲೆವೆಲ್ ನೋಡ್ಕೊಂಡು ಬನ್ನಿ" ಎಂದರು. ಯಾವ ಆದೇಶವೂ ಅಲ್ಲ ಅದು, ಒಂದು ಫೋನ್ ಅಷ್ಟೇ. ಮಳೆಗಾಲ ಮುಗಿದ ಮೇಲೆ ಕಂಪನಿಯವರು ಬಂದು ಗೂಟ ಕಿತ್ತು ಮೇಲ್ತುದಿಗೆ ಹೊಡೆದರು. ಅವರಿಗೂ ಅದರಿಂದ ಲಾಭವೇ ಆಯಿತು. ಎತ್ತರದಿಂದ ಆಚೆ ಕಣಿವೆಯ ಮನೆಗಳಿಗೂ ಸಿಗ್ನಲ್ ಮುಟ್ಟುತ್ತಿದೆ.

ಟವರ್ ಶುರುವಾದ ಮೇಲೆ ಅಳತೆ. ಇದು ಎಲ್ಲರೂ ಮಾಡಿಸಬೇಕಾದ ಕೆಲಸ. ದೂರಸಂಪರ್ಕ ಇಲಾಖೆ 2017ರಲ್ಲಿ ತರಂಗ್ ಸಂಚಾರ್ ಎಂಬ ಪೋರ್ಟಲ್ ತೆರೆದಿದೆ. ಅದರಲ್ಲಿ ನಕ್ಷೆಯ ಮೇಲೆ ನಿಮ್ಮೂರಿನ ಟವರುಗಳು ಕಾಣುತ್ತವೆ. 4,000 ರೂಪಾಯಿ ಆನ್‌ಲೈನ್ ಕಟ್ಟಿದರೆ ಇಲಾಖೆಯವರೇ ನೀವು ಹೇಳಿದ ಜಾಗಕ್ಕೆ ಬಂದು ಅಳೆದು ವರದಿ ಕೊಡುತ್ತಾರೆ. ಬೇಕು ಪಾಲಿನವರೂ ಬೇಡ ಪಾಲಿನವರೂ ವಂತಿಗೆ ಹಾಕಿದೆವು. ಹಣದ ವಿಷಯಕ್ಕೆ ಒಂದು ಜಗಳವೂ ಆಗದ ನಮ್ಮೂರಿನ ಮೊದಲ ವಂತಿಗೆ ಇದೇ ಇರಬೇಕು.

ಅಳೆಯಲು ಬಂದವರ ಹತ್ತಿರ ಮೂರು ಕಾಲಿನ ಸ್ಟ್ಯಾಂಡು, ಅದರ ತುದಿಗೆ ಸಣ್ಣ ಬಿಳಿ ಉಂಡೆಯಂಥ ಸಾಧನ. ಶಾಲೆಯ ಜಗುಲಿ, ಬಿಸಿಯೂಟದ ಕೋಣೆ, ಟವರಿಗೆ ಹತ್ತಿರದ ಮನೆಯ ಮೆತ್ತು (ಮಹಡಿ), ದಾರಿಯ ಮೇಲೆ, ಎಲ್ಲ ಕಡೆ ನಿಲ್ಲಿಸಿ, ಪ್ರತಿ ಸಲ ಸ್ವಲ್ಪ ಹೊತ್ತು ಕಾದು ಬರೆದುಕೊಂಡರು. ಅಳೆಯುವಾಗ ಸುತ್ತ ನಿಂತವರ ಮೊಬೈಲ್ ದೂರ ಇಡಿಸಿದರು. ಜಾಗ ನೀವೇ ತೋರಿಸಿ, ಅವರು ನಿಂತಲ್ಲಿ ಒಪ್ಪಿಕೊಳ್ಳಬೇಡಿ. ಮೆತ್ತಿನ ಮೇಲೆ ಹತ್ತಲು ಅವರಿಗೆ ಮನಸ್ಸಿರಲಿಲ್ಲ, ಮನೆಯ ಅಜ್ಜಿ ಬಿಡಲಿಲ್ಲ. ಎಲ್ಲಿಯೂ ಮಿತಿಯ ನೂರನೇ ಒಂದು ಪಾಲೂ ಇರಲಿಲ್ಲ. ಮಿತಿ ಮೀರಿದ್ದರೆ ಕಂಪನಿಗೆ 10 ಲಕ್ಷ ರೂಪಾಯಿಯವರೆಗೆ ದಂಡ ಎಂದು ಕೇಳಿ ಅಜ್ಜಿಗೆ ಸ್ವಲ್ಪ ನಿರಾಸೆಯೇ ಆಯಿತು. "ಇವತ್ತಿಂದು ಸರಿ. ನಾಳೆ ಇದ್ಕೇ ಮತ್ತೊಂದು ಕಂಪನಿಯವು ಬಂದು ಹಾಕಿದ್ರೆ?" ಎಂದು ಕೇಳಿದರು. ಸರಿಯಾದ ಪ್ರಶ್ನೆ. ಒಂದೇ ಟವರಿನಲ್ಲಿ ಎರಡು ಮೂರು ಕಂಪನಿಗಳ ಆ್ಯಂಟೆನಾ ಬರುತ್ತವೆ, ಆಗ ಎಲ್ಲವನ್ನೂ ಕೂಡಿಸಿ ನೋಡಬೇಕು. ಆದ್ದರಿಂದ ಹೊಸ ಆ್ಯಂಟೆನಾ ಏರಿದ್ದು ಕಣ್ಣಿಗೆ ಬಿದ್ದಾಗಲೆಲ್ಲ ಇನ್ನೊಮ್ಮೆ ಅಳೆಸುವುದು, ಖರ್ಚು ಪಂಚಾಯ್ತಿಯದು ಎಂದು ಠರಾವು ಮಾಡಿಸಿದ್ದೇವೆ. ವರದಿಯ ನಕಲು ಶಾಲೆಯ ನೋಟಿಸ್ ಬೋರ್ಡಿನಲ್ಲಿದೆ.

ಈಗ ಜನರೇಟರ್. ಮೊದಲ ಗುಡುಗು ಮಳೆಗೆ ಕರೆಂಟ್ ಹೋದ ರಾತ್ರಿಯೇ ಗೌಡರ ಹೆಂಗಸು ಕೇಳಿದ ಮಿಷನ್ ಶುರುವಾಯಿತು. ಬೆಳಗಿನ ಜಾವದ ತನಕ ಟರ್ ಟರ್ ಎಂದದ್ದಕ್ಕೆ ಟವರಿನ ಕೆಳಗಿನ ಮೂರು ಮನೆಯವರು ಕಣ್ಣು ಮುಚ್ಚಲಿಲ್ಲ. ಒಂದಿಡೀ ವರ್ಷ ಕಾಣದ ಅಲೆಗಳ ಬಗ್ಗೆ ಹೊಡೆದಾಡಿದ ನಮಗೆ ಕಿವಿಗೆ ಕೇಳುವ ತೊಂದರೆ ಇದೊಂದೇ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್ ಮೀರುವಂತಿಲ್ಲ. ಶಾಲೆಯ ಸುತ್ತಲಿನ 100 ಮೀಟರ್‌ ನಿಶ್ಶಬ್ದ ವಲಯವಾದರೆ ಹಗಲು 50. ಶಬ್ದ ತಡೆಯುವ ಗೂಡು ಸರಿಯಾಗಿ ಮುಚ್ಚಿಸಿ, ಬ್ಯಾಟರಿ ಹೆಚ್ಚಿಸಿ ಎಂದು ಅರ್ಜಿ ಬರೆದಿದ್ದೇವೆ. ಈ ಸಲ ಮೊದಲ ಸಹಿ ಆ ಗೌಡರ ಹೆಂಗಸಿನದು, ಮುಂದಿನ ಗ್ರಾಮಸಭೆಯಲ್ಲಿ ವಿಷಯ ಮಂಡಿಸುವವಳೂ ಅವಳೇ. ಆವಕ ನಂಬರ್ ಹಾಕಿಸಿಕೊಂಡಾಗಿದೆ, ಅಜೆಂಡಾದಲ್ಲಿ ಎರಡನೇ ವಿಷಯ.